ಆರರ ಪಕ್ಕದ್ದು

“ಫೋನು ಮಾಡಿದ್ದು ಯಾರು?” ಎಂದು ಸಾವೆಲ್ಯೆವ್ ಕೇಳಿದ.

ಮಕ್ಪಾಲ್ ಪ್ರಶ್ನೆಯನ್ನು ಬರೆದುಕೊಂಡಳು. ಉತ್ತರಕ್ಕಾಗಿ ಪೆನ್ನಿನ ಮೊನೆಯನ್ನು ಕಾಗದದಿಂದ ಸ್ವಲ್ಪ ಮೇಲೆ ಹಿಡಿದು ಕಾದಳು. ಫೋನು ಮಾಡಿದವಳು ಅವಳೇ.

“ಮಾಡಿದ್ದು ಸೊಸೆ,” ಎಂದರು ಅವಳ ಮಾವ. “ಮಾತು ಮಾತ್ರ ನಂದು. ನಾನು ಹೇಳಿಕೊಟ್ಟದ್ದನ್ನ ಅವಳು ಹಾಗೇ ಹೇಳಿದಳು.”

“ಏನು ಹೇಳಿಕೊಟ್ರಿ?”

“ಆರರ ಪಕ್ಕದ್ದು ಅಂತ.”

ಅದನ್ನೂ ಬರೆದಳು. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಅವನ್ನು ನೋಡಿ ಅವಳಿಗೆ ನಾಚಿಕೆಯಾಯಿತು.

ಕುಮೋಟ್ಕೆಲ್ ಸ್ಟೇಷನ್ನಿನ ಕೋಣೆಯಲ್ಲಿ ಐದು ಜನರಿದ್ದರು. ಸೇತುವೆಯ ಮೇಲೆ ಗಾಡಿ ಹಳಿ ತಪ್ಪಿದ್ದರ ವಿಚಾರಣೆಗೆಂದು ದೊಡ್ಡ ಕಚೇರಿಯಿಂದ ಬಂದ, ಇಲ್ಲಿನ ಮಾತು ಬಲ್ಲ ರಷ್ಯನ್ ಎಂಜಿನಿಯರ್ ಸಾವೆಲ್ಯೆವ್, ಸ್ಟೇಷನ್ ಮಾಸ್ತರ್ ಶಾಕಿರ್, ದುರಸ್ತಿ ಗ್ಯಾಂಗಿನ ಮುಖ್ಯಸ್ಥ ಎರ್ಗೋಜಾ, ಸೇತುವೆ ಮೇಸ್ತ್ರಿಯಾದ ಮಾವ, ಹೇಳಿಕೆ ಬರೆದುಕೊಳ್ಳಲು ಕೂತ ಮಕ್ಪಾಲ್. ಅರವತ್ತೆಂಟನೇ ಇಸವಿಯ ಜುಲೈ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿದ್ದರು. ಅದು ಹತ್ತು ನಿಮಿಷಕ್ಕೊಮ್ಮೆ ಒಣಗುತ್ತಿತ್ತು.

“ಆರರ ಪಕ್ಕದಲ್ಲಿ ಐದೂ ಇದೆ!” ಎಂದ ಎರ್ಗೋಜಾ. “ನಾನು ಅರಾಲ್ ಕಡೆಯಿಂದ ಇಲ್ಲಿಗೆ ಬಂದು ಮೂರು ವಾರ. ನಮ್ಮ ಗ್ಯಾಂಗು ಈ ದಡದಿಂದ ಹತ್ತಿದ್ದು. ಒಂದು, ಎರಡು ಅಂತ ಎಣಿಸ್ಕೊಂಡು ಹೋದ್ರೆ ಮೊದಲು ಸಿಗೋದು ಐದು. ಕಾಳು ಹಾಕಿ ಕಣಿ ನೋಡೋಕೆ ನನಗೆ ಬರಲ್ಲ.”

“ಅಂಕಣದ ಉಕ್ಕಿನ ಮೇಲೆ ಸಂಖ್ಯೆ ಇರಲಿಲ್ವಾ?” ಎಂದ ಸಾವೆಲ್ಯೆವ್.

“ವಸಂತದಲ್ಲಿ ಕೆಂಪು ಬಣ್ಣ ಹೊಡೆದ್ರಲ್ಲ, ಅದರಡಿ ಮುಚ್ಚಿಹೋಗಿತ್ತು. ಮತ್ತೆ ಬರೆದಿರಲಿಲ್ಲ.”

“ಅದೂ ನನ್ನ ತಪ್ಪೇ,” ಎಂದರು ಮಾವ.

ಸಾವೆಲ್ಯೆವ್ ಹಾಜರಿ ಪಟ್ಟಿಯನ್ನು ಎಳೆದುಕೊಂಡ. “ನಿಮ್ಮ ಪೂರ್ತಿ ಹೆಸರು ಹೇಳಿ.”

“ಜೆತಿಬಾಯ್. ತಂದೆ ಸಾಗಿಂದಿಕ್.”

ಶಾಕಿರ್ ಮಾಸ್ತರ್ ಮೇಜಿನ ಮೇಲಿದ್ದ ನೊಣವನ್ನು ನೋಡತೊಡಗಿದ.

ಇಲ್ಲಿನ ಮಾತಿನಲ್ಲಿ ಜೆತಿ ಎಂದರೆ ಏಳು. ಏಳು ತಿಂಗಳಿಗೇ ಹುಟ್ಟಿದ ಮಗುವೆಂದು ಅವರಿಗೆ ಆ ಹೆಸರಿಟ್ಟಿದ್ದರು. ನರಿಯ ತುಪ್ಪಳದ ಟೊಪ್ಪಿಗೆಯೊಳಗೆ ಮಲಗಿಸಿ, ಗುಡಾರದ ಗೋಡೆಗೆ ನೇತುಹಾಕಿ ಎರಡು ತಿಂಗಳು ಕಾದಿದ್ದರಂತೆ. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಲ್ಲಿ ಆಡುವಂತಿಲ್ಲ. ಆ ಹೆಸರು ಒಂದು ವಸ್ತುವಿನದೋ ಲೆಕ್ಕದ್ದೋ ಆಗಿದ್ದರೆ ಅದನ್ನೂ ಆಡುವಂತಿಲ್ಲ. ಮಕ್ಪಾಲ್ ಮದುವೆಯಾಗಿ ಬಂದ ದಿನದಿಂದ ಏಳು ಎಂದವಳಲ್ಲ. ಆರರ ಪಕ್ಕದ್ದು ಎನ್ನುತ್ತಿದ್ದಳು. ಅಂಗಡಿಯಲ್ಲಿ ಏಳು ಮೊಟ್ಟೆ ಬೇಕಿದ್ದರೆ ಎಂಟು ತರುತ್ತಿದ್ದಳು. ಅವಳ ಮಗಳು ಶಾಲೆಯಲ್ಲಿ “ಐದು, ಆರು, ತಾತ, ಎಂಟು” ಎಂದು ಎಣಿಸಿ ಇಡೀ ತರಗತಿಯನ್ನು ನಗಿಸಿದ್ದಳು. ಊರಲ್ಲಿ ಬಹಳ ದಿನ ಅದೇ ಮಾತಾಗಿತ್ತು. “ತಾತ ಗಂಟೆಗೆ ಬರ್ತೀಯೇನೋ?” ಎಂದು ಲೈನ್‌ಮನ್‌ಗಳು ಒಬ್ಬರನ್ನೊಬ್ಬರು ಕೇಳುತ್ತಿದ್ದರು.

ಅವಳು ತಾಷ್ಕೆಂಟಿನ ರೈಲ್ವೆ ವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿದವಳು. ಉಕ್ಕಿನ ತೂಕ, ಗಾಳಿಯ ಒತ್ತಡ, ರಿವೆಟ್ಟಿನ ದಪ್ಪ ಎಲ್ಲವನ್ನೂ ರಷ್ಯನ್ನಿನಲ್ಲಿ ಕಲಿತವಳು. ಹೊಸದರಲ್ಲಿ ಒಮ್ಮೆ ಫೋನಿನಲ್ಲಿ ಏಳು ಎಂಬುದನ್ನು ರಷ್ಯನ್ನಿನಲ್ಲಿ ಅಂದು ನೋಡಿದ್ದಳು. ಒಳಗಿನಿಂದ ಅತ್ತೆ ಉಲ್ಬಿಕೆ ಬಂದು ಬಾಗಿಲಲ್ಲಿ ನಿಂತಳು. “ದೇವರಿಗೆ ರಷ್ಯನ್ ಬರಲ್ಲ ಅಂದ್ಕೊಂಡಿದೀಯಾ?” ಎಂದಳು. ಮಕ್ಪಾಲ್ ಮತ್ತೆ ಆ ಪ್ರಯತ್ನ ಮಾಡಲಿಲ್ಲ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಗಂಡ ಹೋದ, ಗಂಡನ ಮನೆಯ ಹೆಸರುಗಳು ಉಳಿದವು. ಅವನು ಹೋದ ಚಳಿಗಾಲದಲ್ಲೇ ಮಾವ ಯಾರಯಾರಿಗೋ ಹೇಳಿ ಸೇತುವೆಯ ದಾಖಲೆ ಬರೆಯುವ, ಮನೆಯಲ್ಲೇ ಇದ್ದ ರೈಲ್ವೆ ಫೋನು ನೋಡಿಕೊಳ್ಳುವ ಕೆಲಸವನ್ನು ಅವಳಿಗೆ ಕೊಡಿಸಿದ್ದರು.

ಸೇತುವೆಗೆ ಹತ್ತು ಕಂಬ, ಕಂಬದಿಂದ ಕಂಬಕ್ಕೆ ಚಾಚಿದ ಹನ್ನೊಂದು ಅಂಕಣ. ಮಾವ ಹುಟ್ಟಿದ ವರ್ಷವೇ ಅದು ಮುಗಿದದ್ದು. ಅವರ ತಂದೆ ಅದರ ಕಂಬಗಳಿಗೆ ಮರಳು ಅಗೆದವರು. ಸಿರ್‌ದರಿಯಾ ನದಿಯ ತಳಕ್ಕೆ ಬುಡವಿಲ್ಲದ ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಇಳಿಸಿ, ಒಳಗೆ ಗಾಳಿ ತುಂಬಿ ನೀರನ್ನು ಹೊರಗೆ ತಳ್ಳಿ, ಆ ಗಾಳಿಯಲ್ಲಿ ಕೂತು ಅಗೆಯಬೇಕು. ಅಗೆದಂತೆ ಪೆಟ್ಟಿಗೆ ಇಳಿಯುತ್ತದೆ, ಅದರ ಮೇಲೆ ಕಲ್ಲು ಏರುತ್ತದೆ. ಸಂಜೆ ಮೇಲೆ ಬಂದವರ ಕಿವಿಯಲ್ಲಿ ರಕ್ತ ಒಣಗಿರುತ್ತಿತ್ತಂತೆ. ಉಕ್ಕಿನ ಚೌಕಟ್ಟುಗಳು ತುಂಡುತುಂಡಾಗಿ ರೈಲಿನಲ್ಲಿ ಬಂದವು. ಒಂದೊಂದು ಅಂಕಣಕ್ಕೂ ಆ ತುಂಡುಗಳನ್ನು ಬಿಗಿಯುವ ಹನ್ನೆರಡು ಸಾವಿರ ರಿವೆಟ್ಟು. ಮಾವ ಮೂವತ್ತೆಂಟು ವರ್ಷ ಅವುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಬಂದಿದ್ದರು. ಒಂದು ಕೈಯಲ್ಲಿ ತಟ್ಟು, ಇನ್ನೊಂದು ಕೈಯ ಬೆರಳು ಆ ಕಡೆಯ ತಲೆಯ ಮೇಲೆ. ಸಡಿಲವಾದ ರಿವೆಟ್ಟು ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ.

ಆದರೆ ಅವರು ಹೆಚ್ಚು ಹೆದರುತ್ತಿದ್ದದ್ದು ರಿವೆಟ್ಟಿಗಲ್ಲ, ಉರುಳೆಗಳಿಗೆ. ಪ್ರತಿ ಅಂಕಣದ ಒಂದು ತುದಿಯನ್ನು ಕಂಬಕ್ಕೆ ಬಿಗಿದಿರುತ್ತಾರೆ. ಇನ್ನೊಂದು ತುದಿ ಉಕ್ಕಿನ ಉರುಳೆಗಳ ಮೇಲೆ ಕೂತಿರುತ್ತದೆ. ಬಿಸಿಲಿಗೆ ಅಂಕಣ ಉದ್ದವಾಗುತ್ತದೆ, ಸಂಜೆಗೆ ಕುಗ್ಗುತ್ತದೆ. ದಿನಕ್ಕೆ ಒಂದು ಬೆರಳಿನಗಲ. “ಕಬ್ಬಿಣಾನೂ ಮೈ ಮುರಿಯುತ್ತೆ, ಅದಕ್ಕೆ ಜಾಗ ಬಿಡ್ಬೇಕು,” ಎನ್ನುತ್ತಿದ್ದರು. ಮರಳು ಸೇರಿ ಉರುಳೆ ಹಿಡಿದುಕೊಂಡರೆ ಅಂಕಣ ತನ್ನ ಕೆಳಗಿನ ಕಲ್ಲನ್ನೇ ಒತ್ತುತ್ತದೆ.

ಗಾಡಿ ಹಳಿ ತಪ್ಪುವ ಎರಡು ದಿನ ಮೊದಲು, ಮಂಗಳವಾರ ಬೆಳಿಗ್ಗೆ, ಮಾವ ಸೇತುವೆಯಿಂದ ನೇರ ಮನೆಗೆ ಬಂದಿದ್ದರು. ಮನೆ ಸ್ಟೇಷನ್ನಿಗೆ ಎದುರಿನ ಬಲದಡದಲ್ಲಿ, ಸೇತುವೆಯ ತಲೆಯಲ್ಲೇ. “ಏಳನೇ ಅಂಕಣದ ಉರುಳೆ ಹಿಡ್ಕೊಂಡಿದೆ,” ಎಂದರು. “ನಿನ್ನೆಯಿಂದ ಕೂದಲೆಳೆಯಷ್ಟೂ ಸರಿದಿಲ್ಲ. ಸ್ಟೇಷನ್ನಿಗೆ ಹೇಳು, ಗಾಡಿಗಳನ್ನ ನಡಿಗೆ ವೇಗದಲ್ಲಿ ಬಿಡ್ಲಿ. ಎರ್ಗೋಜಾಗೆ ಹೇಳು, ಇವತ್ತೇ ಬಿಚ್ಚಿ ತೊಳೀಲಿ.” ವರ್ಷದ ಕಣ್ಣು ಕಿವಿ ಪರೀಕ್ಷೆಗೆ ಅವರು ದೊಡ್ಡ ಊರಿಗೆ ಹೋಗಬೇಕಿತ್ತು. ಒಂಬತ್ತರ ಗಾಡಿ ಹತ್ತಿ ಹೋದವರು ಗುರುವಾರ ಸಂಜೆಯವರೆಗೆ ಬರುವಂತಿರಲಿಲ್ಲ.

ಮಕ್ಪಾಲ್ ದಾಖಲೆ ಪುಸ್ತಕದಲ್ಲಿ ಅಂಕಿಯಲ್ಲಿ 7 ಎಂದು ಬರೆದಳು. ಬರೆಯುವುದಕ್ಕೆ ಅಡ್ಡಿಯಿರಲಿಲ್ಲ. ಆಮೇಲೆ ಫೋನು ಎತ್ತಿದಳು. ಕೋಣೆಯ ಮೂಲೆಯಲ್ಲಿ ಅತ್ತೆ ಉಣ್ಣೆ ಬಿಡಿಸುತ್ತಿದ್ದಳು.

“ಯಾವ ಅಂಕಣ?” ಎಂದು ಎರ್ಗೋಜಾ ಕೇಳಿದ.

“ಆರರ ಪಕ್ಕದ್ದು.”

ಅವನು ನಕ್ಕ. “ಸರಿ. ಆರರ ಪಕ್ಕದ್ದು,” ಎಂದು ನಿಯಮದಂತೆ ತಿರುಗಿ ಹೇಳಿದ. ಅವಳೂ ನಿಯಮದಂತೆ “ಸರಿ” ಎಂದಳು.

ಗ್ಯಾಂಗು ಐದನೆಯದರ ಉರುಳೆ ಬಿಚ್ಚಿತು. ಅಲ್ಲೂ ಮರಳಿತ್ತು, ಮರಳಿಲ್ಲದ ಉರುಳೆ ಆ ಸೇತುವೆಯಲ್ಲಿ ಯಾವುದೂ ಇರಲಿಲ್ಲ. ತೊಳೆದರು, ಎಣ್ಣೆ ಹಾಕಿದರು, ಸಹಿ ಮಾಡಿದರು. ಶಾಕಿರ್ ಗಾಡಿಗಳನ್ನು ಮೊದಲಿನ ವೇಗಕ್ಕೆ ಬಿಟ್ಟ. ಗುರುವಾರ ಮಧ್ಯಾಹ್ನ ಉಪ್ಪಿನ ಗಾಡಿ ಹೋಗುವಾಗ ಏಳನೆಯದರ ಕೆಳಗಿನ ಕಲ್ಲು ಸೀಳಿ, ಅಂಕಣದ ತುದಿ ಎರಡು ಬೆರಳಿನಷ್ಟು ಕುಸಿಯಿತು. ಕೊನೆಯ ಎರಡು ವ್ಯಾಗನ್ ಹಳಿ ತಪ್ಪಿ, ಹಳಿಯಡಿಯ ಮರದ ದಿಮ್ಮಿಗಳ ಮೇಲೆ ಎಳೆದುಕೊಂಡು ಹೋದವು. ಗಾರ್ಡ್ ಕುಲ್ಮುರಾತ್ ಹಾರಿ ಸೊಂಟ ಮುರಿದುಕೊಂಡ. ಅವನು ಇನ್ನು ನೆಟ್ಟಗೆ ನಡೆಯಲಾರ ಎಂದು ಡಾಕ್ಟರು ಹೇಳಿದ್ದರು.

ಸಾವೆಲ್ಯೆವ್ ದಾಖಲೆ ಪುಸ್ತಕ ತೆರೆದು ಹಿಡಿದ. “ಇಲ್ಲಿ 7 ಅಂತ ಸ್ಪಷ್ಟವಾಗಿದೆ. ಬರೆಸುವಾಗ ಒಂದು, ಫೋನಿಗೆ ಇನ್ನೊಂದು. ಮೂವತ್ತೆಂಟು ವರ್ಷದ ಮೇಸ್ತ್ರಿ ಹೀಗೆ ಹೇಳ್ತಾನಾ?”

“ಬಾಯಿ ತಪ್ತು,” ಎಂದರು ಮಾವ. “ಈಗೀಗ ತಪ್ಪುತ್ತೆ. ವಯಸ್ಸು.”

“ಮರೆವು ಇದೆಯಾ?”

“ಇದೆ.”

“ಬರ್ಕೊಳ್ಳಿ,” ಎಂದ ಸಾವೆಲ್ಯೆವ್ ಮಕ್ಪಾಲಳ ಕಡೆ ನೋಡದೆ. “ಬುದ್ಧಿ ಮಂದವಾಗಿರುವುದನ್ನು ಸ್ವತಃ ಒಪ್ಪಿಕೊಂಡಿದ್ದಾರೆ.”

ಅವಳು ಬರೆದಳು. ಎರಡು ತಿಂಗಳು ಕಳೆದಿದ್ದರೆ ಮಾವನಿಗೆ ನಿವೃತ್ತಿ. ಈಗ ವಜಾ ಮಾಡುತ್ತಾರೆ. ಇಡೀ ನೌಕರಿಯ ದಾಖಲೆಯಾದ ಕೆಲಸದ ಪುಸ್ತಕದ ಕೊನೆಯ ಪುಟದಲ್ಲಿ ಈ ಮಾತನ್ನು ಹಾಕಿ ಮೊಹರು ಒತ್ತುತ್ತಾರೆ. ಅವರು ರಿವೆಟ್ಟಿಗೆ ಬೆರಳು ಇಡುವುದನ್ನು ಕಂಡ ಯಾರೂ ಇದನ್ನು ನಂಬಲಾರರು. ಶಾಕಿರ್ ಮಾಸ್ತರಿಗೆ ಎಲ್ಲ ಗೊತ್ತಿತ್ತು. ಬಾಗಿಲಾಚೆ ನೆರಳಲ್ಲಿ ಕೂತಿದ್ದ ಲೈನ್‌ಮನ್‌ಗಳಿಗೂ ಗೊತ್ತಿತ್ತು.

ಊಟದ ಬಿಡುವಿನಲ್ಲಿ ಮಾವ ನೀರಿನ ಟ್ಯಾಂಕಿನ ನೆರಳಿಗೆ ಹೋಗಿ ಕೂತರು. ಅತ್ತೆ ಕಟ್ಟಿಕೊಟ್ಟಿದ್ದ ರೊಟ್ಟಿ, ಉಪ್ಪಿನ ಮೊಸರುಂಡೆ, ಅರ್ಧ ಕರ್ಬೂಜ ಬಟ್ಟೆಯಲ್ಲಿತ್ತು. ಮಕ್ಪಾಲ್ ಬಿಚ್ಚಿ ಮುಂದಿಟ್ಟು ಒಂದು ಪಕ್ಕಕ್ಕೆ ನಿಂತಳು. ಮಾವನ ಮುಖ ನೋಡಿ ಮಾತಾಡಿ ಅಭ್ಯಾಸವಿರಲಿಲ್ಲ. ಟ್ಯಾಂಕಿನ ಕಾಲು ನೋಡುತ್ತ ಹೇಳಿದಳು.

“ನೀವು ಸರಿಯಾಗೇ ಹೇಳಿದ್ರಿ.”

“ಹೇಳಿದ್ದೆ.”

“ಹಾಗಾದ್ರೆ ಯಾಕೆ ಹೀಗೆ?”

“ಕೂತ್ಕೋ, ತಿನ್ನು.”

ಅವಳು ಕೂರಲಿಲ್ಲ.

“ನನಗೇನು, ಎರಡು ತಿಂಗಳು,” ಎಂದರು. “ನಿನಗೆ ಈ ಕೆಲ್ಸ ಹೋದ್ರೆ ಇನ್ನೊಂದು ಯಾರು ಕೊಡ್ತಾರೆ? ಕುಲ್ಮುರಾತ್‌ನ ಹೆಂಡ್ತಿ ನಿನ್ನ ಬಾಗಿಲಿಗೆ ಬಂದು ನಿಂತ್ರೆ ಏನು ಹೇಳ್ತೀಯ? ನನ್ನ ಬಾಗಿಲಿಗೆ ಬರ್ಲಿ.”

“ನಿಮಗೆ ಅರಳುಮರಳು ಅಂತ ಬರೆಸ್ತಿದ್ದಾರೆ. ನಾನು ಬರೀತಿದೀನಿ.”

“ಬರಿ. ಅದಕ್ಕಿಂತ ನಗೆಪಾಟಲಿನದು ಇನ್ನೊಂದಿದೆ.” ಕರ್ಬೂಜದ ಬೀಜಗಳನ್ನು ಚಾಕುವಿನಿಂದ ಕೆರೆದು ಬಟ್ಟೆಯ ಅಂಚಿಗೆ ಹಾಕಿದರು. “ನಿಮ್ಮತ್ತೆನೂ ಹೀಗೇ ಆಗ್ಲಿ ಅಂದಿದಾಳೆ. ಸುಮ್ಮನಿರು.”

ಅವಳಿಗೆ ಸಮಾಧಾನವಾಯಿತು. ಅದೊಂದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ. ಟ್ಯಾಂಕಿನ ನೆರಳಿನಲ್ಲಿ, ಎರಡು ನಿಮಿಷ, ಇನ್ನು ತಾನು ಬಾಯಿ ಬಿಡಬೇಕಿಲ್ಲ ಎಂದು ಎದೆ ಹಗುರವಾಯಿತು. ಒಂದು ತುಂಡು ರೊಟ್ಟಿಯನ್ನೂ ತಿಂದಳು.

ನಾಲ್ಕು ಗಂಟೆಗೆ ಹೇಳಿಕೆಗಳು ಮುಗಿದವು. ಸಹಿಗೆ ಮೊದಲು ಬರೆದವರೇ ಎಲ್ಲವನ್ನೂ ಗಟ್ಟಿಯಾಗಿ ಓದಬೇಕು. ಅದು ಕಚೇರಿಯ ನಿಯಮ. ಅವಳು ಅದನ್ನು ಮರೆತೇಬಿಟ್ಟಿದ್ದಳು.

ಶಾಕಿರ್ ಮಾಸ್ತರ್ ಕೈ ಚಾಚಿದ. “ಇಲ್ಲಿ ಕೊಡಮ್ಮ, ನಾನು ಓದ್ತೀನಿ.” ಆಮೇಲೆ ಸಾವೆಲ್ಯೆವ್ ಕಡೆ ತಿರುಗಿದ. “ಅವಳ ಗಂಟಲು ಸರಿಯಿಲ್ಲ.”

“ಬೆಳಿಗ್ಗೆಯಿಂದ ಚೆನ್ನಾಗೇ ಇದೆಯಲ್ಲ,” ಎಂದ ಸಾವೆಲ್ಯೆವ್. “ಬರೆದವರೇ ಓದ್ಲಿ.”

ಅವಳು ಎದ್ದು ನಿಂತಳು. ತಾರೀಖು ಓದಿದಳು. ಹಾಜರಿದ್ದವರ ಪಟ್ಟಿಯನ್ನು ಸಾವೆಲ್ಯೆವ್ ತನ್ನ ಕೈಯಲ್ಲೇ ಬರೆದಿದ್ದರಿಂದ ಅದನ್ನು ಓದಬೇಕಿರಲಿಲ್ಲ. ಮೊದಲನೇ ಪುಟದ ನಾಲ್ಕನೇ ಸಾಲಿಗೆ ಬಂದಳು. “ಬಲದಡದ ಕಡೆಯ ಉರುಳೆಗಳು ಹಿಡಿದುಕೊಂಡಿದ್ದ ಅಂಕಣ, ಸಂಖ್ಯೆ...”

ನಿಂತಳು. ಅಂಕಿ ಎದುರಿಗಿತ್ತು. ಅವಳೇ ಬರೆದದ್ದು, ನಡುವೆ ಸಣ್ಣ ಅಡ್ಡಗೆರೆಯ ಸಮೇತ. ಶಾಕಿರ್ ಕೆಮ್ಮಿದ. ಹೊರಗೆ ಲೈನ್‌ಮನ್‌ಗಳ ಮಾತು ನಿಂತಿತು. ಮಾವ ಕಿಟಕಿಯ ಬಟ್ಟೆಯನ್ನು ನೋಡುತ್ತಿದ್ದರು. ಆರರ ಪಕ್ಕದ್ದು ಎಂದು ಓದಿದರೂ ನಡೆಯುತ್ತಿತ್ತು. ಆ ಮಾತು ಈಗ ಮಾವನದು ಎಂದು ಕಾಗದವೇ ಹೇಳುತ್ತಿತ್ತು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ.

“ಓದಿ,” ಎಂದ ಸಾವೆಲ್ಯೆವ್. “ಸಂಖ್ಯೆ ಎಷ್ಟು?”

“ಜೆತಿ,” ಎಂದಳು.

ದನಿ ಅವಳು ಎಣಿಸಿದ್ದಕ್ಕಿಂತ ಜೋರಾಗಿ ಬಂತು. ಸಾವೆಲ್ಯೆವ್ ತಲೆಯಾಡಿಸಿ ಮುಂದಿನ ಸಾಲಿಗೆ ಕಾದ. ಅವನಿಗೆ ಅದೊಂದು ಲೆಕ್ಕ ಅಷ್ಟೆ. ಶಾಕಿರ್ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಮಾವನ ಕತ್ತಿನ ಹಿಂಭಾಗ ಮೆಲ್ಲಗೆ ಕೆಂಪಾಗುವುದನ್ನು ಅವಳು ನೋಡಿದಳು.

“ಇವರು ನನಗೆ ಹೇಳಿದ್ದೂ ಅದನ್ನೇ,” ಎಂದಳು. “ಬಾಯಿ ತಪ್ಪಿರಲಿಲ್ಲ. ಆರರ ಪಕ್ಕದ್ದು ಅನ್ನೋದು ನನ್ನ ಮಾತು. ಇವರಿಗೆ ಮರೆವಿಲ್ಲ.”

“ನೀವು ತಾಷ್ಕೆಂಟಲ್ಲಿ ಓದಿದವರು. ಯಾಕೆ ಹಾಗೆ ಹೇಳಿದ್ರಿ?”

“ಅದು ಮಾವನವರ ಹೆಸರು.”

ಎರ್ಗೋಜಾ ಕುರ್ಚಿಯಿಂದ ಅರ್ಧ ಎದ್ದ. “ಅಯ್ಯೋ ತಾಯಿ! ನನಗೆ ಹೊಳೀಬೇಕಿತ್ತು. ನಮ್ಮಪ್ಪ ಕೋಯ್ಬಾಗರ್, ಕುರಿ ಕಾಯೋನು ಅಂತ ಅರ್ಥ. ಇಪ್ಪತ್ತು ವರ್ಷದಿಂದ ನನ್ನ ಹೆಂಡ್ತಿ ಕುರಿಗೆ ‘ಮ್ಯಾ ಅನ್ನೋದು’ ಅಂತಾಳೆ. ಇಲ್ಲಿ ಎಲ್ರೂ ಮೇಸ್ತ್ರಿ, ಮೇಸ್ತ್ರಿ ಅಂತಾರೆ. ಇವರ ಹೆಸರು ನನ್ನ ಕಿವಿಗೆ ಬಿದ್ದದ್ದೇ ಇವತ್ತು. ಬಿದ್ದ ಮೇಲೂ ಹೊಳೀಲಿಲ್ಲ ನೋಡು.” ನಗಲು ಹೊರಟವನು ಮಾವನನ್ನು ನೋಡಿ ಕೂತುಬಿಟ್ಟ.

ಸಾವೆಲ್ಯೆವ್ ನಗಲಿಲ್ಲ. ನಕ್ಕಿದ್ದರೆ ವಾಸಿ ಎನಿಸಿತು ಅವಳಿಗೆ. ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಉಜ್ಜಿದ. “ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿದಾನೆ,” ಎಂದ. “ನಾನು ಕಾರಣ ಅಂತ ಏನು ಬರೀಲಿ?”

“ನನ್ನ ಹೆಸರು ಅಂತ ಬರೀರಿ,” ಎಂದರು ಮಾವ.

ಅವರು ಇನ್ನೂ ಕಿಟಕಿಯ ಕಡೆಗೇ ತಿರುಗಿದ್ದರು. “ನನ್ನ ಹೆಸರು ಹೇಳ್ಬಹುದು ಅಂತ ಹಿರಿಯ ಒಂದು ಮಾತು ಅಂದ್ರೆ ಸಾಕು, ಸೊಸೆ ಹೇಳ್ಬಹುದು. ಫೋನು ಅವಳ ಕೈಗೆ ಕೊಟ್ಟ ದಿನಾನೇ ಅನ್ಬೇಕಿತ್ತು. ಸೇತುವೇಲಿ ಹನ್ನೊಂದು ಅಂಕಣ ಇದೆ ಅಂತ ನನಗೆ ಗೊತ್ತಿಲ್ವಾ? ಅನ್ಲಿಲ್ಲ. ಜನ ಹೇಳೋರು, ತಾಷ್ಕೆಂಟಲ್ಲಿ ಓದಿದ ಸೊಸೆ, ಮಗ ಹೋದ ಮೇಲೂ ನಿನ್ನ ಹೆಸರು ಎತ್ತಲ್ವಂತೆ, ಎಂಥ ಮನೆ ಅಂತ. ಕೇಳೋಕೆ ಚೆನ್ನಾಗಿರ್ತಿತ್ತು.”

ಸಾವೆಲ್ಯೆವ್ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು, ಸ್ಕೇಲು ಇಟ್ಟು ಮೂರನೇ ಪುಟದ ಒಂದು ಸಾಲನ್ನು ಹೊಡೆದುಹಾಕಿದ. ಬುದ್ಧಿ ಮಂದ ಎಂಬ ಸಾಲು. ಕಾಗದವನ್ನು ತಿರುಗಿ ಅವಳ ಮುಂದೆ ತಳ್ಳಿದ.

“ಈಗ ಹೇಳಿದ್ದನ್ನೂ ಬರ್ಕೊಳ್ಳಿ. ನಿಮ್ಮದನ್ನೂ, ಅವರದನ್ನೂ. ನಾಳೆಯಿಂದ ನೀವು ಫೋನು ಮುಟ್ಟೋ ಹಾಗಿಲ್ಲ. ಉಳಿದದ್ದು ಕಚೇರಿಯಿಂದ ಕಾಗದ ಬರುತ್ತೆ.”

ಅವಳು ಕೂತು ಬರೆದಳು. ಕೇಳೋಕೆ ಚೆನ್ನಾಗಿರ್ತಿತ್ತು ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಅದನ್ನು ಬಿಡಲೇ ಎಂದು ತಲೆಯೆತ್ತಿ ಮಾವನನ್ನು ನೋಡಿದಳು. ಅವರು ಮೊದಲ ಸಲ ಅವಳ ಮುಖ ನೋಡಿದರು. “ಬರಿ,” ಎಂದರು. ಬರೆದಳು. ಆಮೇಲೆ ಎಲ್ಲವನ್ನೂ ಮೊದಲಿನಿಂದ ಓದಿದಳು. ಆ ಅಂಕಿ ಒಂಬತ್ತು ಕಡೆ ಬಂದಿತ್ತು. ಒಂಬತ್ತು ಸಲವೂ ಓದಿದಳು. ಅಭ್ಯಾಸವಾಗಲಿಲ್ಲ.

ಹೊರಗೆ ಬಂದಾಗ ಲೈನ್‌ಮನ್‌ಗಳು ಎದ್ದು ದಾರಿ ಬಿಟ್ಟರು. ಸಾಮಾನ್ಯವಾಗಿ ಏನಾದರೂ ಅನ್ನುವವರು ಇಂದು ತಮ್ಮ ಬೂಟುಗಳನ್ನು ನೋಡಿಕೊಂಡರು. ಮಾವ ಮುಂದೆ ನಡೆದರು. ಅವಳು ಹಿಂದೆ, ಇಪ್ಪತ್ತು ಹೆಜ್ಜೆ ಬಿಟ್ಟು. ಮನೆಗೆ ಹೋಗಲು ಸೇತುವೆ ದಾಟಬೇಕು. ಹಳಿಗಳ ನಡುವೆ ಹಾಸಿದ ಹಲಗೆಯ ಮೇಲೆ ನಡೆದರು. ಕೆಳಗೆ ನದಿ ಕಂದು ಬಣ್ಣದಲ್ಲಿ, ಮರಳ ದಿಬ್ಬಗಳ ಸುತ್ತ ನಿಧಾನವಾಗಿ ಹೋಗುತ್ತಿತ್ತು. ಮಾವ ಯಾವ ರಿವೆಟ್ಟನ್ನೂ ಮುಟ್ಟಲಿಲ್ಲ. ಕುಸಿದ ಅಂಕಣದ ತುದಿಗೆ ಕಂಬದ ಮೇಲೆ ಮರದ ದಿಮ್ಮಿಗಳನ್ನು ಅಟ್ಟಣೆಯಂತೆ ಪೇರಿಸಿ ಆಸರೆ ಕೊಟ್ಟಿದ್ದರು. ಅದನ್ನು ದಾಟುವಾಗಲೂ ಅವರು ಕೆಳಗೆ ನೋಡಲಿಲ್ಲ.

ಒಂಬತ್ತನೇ ಅಂಕಣದಲ್ಲಿದ್ದಾಗ ಹಿಂದಿನಿಂದ ಸಿಳ್ಳೆ ಕೇಳಿಸಿತು. ಗಾಡಿ ಬಂದರೆ ಸರಿದು ನಿಲ್ಲಲು ಸೇತುವೆಯ ಎರಡೂ ಬದಿಗೆ, ನದಿಯ ಮೇಲೆ ಚಾಚಿದ ಸಣ್ಣ ಕಟಕಟೆಗಳಿವೆ. ಮಾವ ಎಡಗಡೆಯದಕ್ಕೆ ಹೋದರು. ಅವಳಿಗೆ ಹತ್ತಿರವಿದ್ದದ್ದು ಬಲಗಡೆಯದು. ಪ್ಯಾಸೆಂಜರ್ ಗಾಡಿ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಬಂದು ಇಬ್ಬರ ನಡುವೆ ಹೋಗತೊಡಗಿತು. ಕಿಟಕಿಗಳಲ್ಲಿ ಜನ ಕೂತಿದ್ದರು. ಒಬ್ಬ ಹೆಂಗಸು ಬನಿಯನ್ ಹಿಂಡಿ ಒಣಹಾಕುತ್ತಿದ್ದಳು. ಯಾರೋ ಅವಳ ಕಡೆ ಕೈಬೀಸಿದರು. ಬೋಗಿ ಬೋಗಿಯ ನಡುವಿನ ಸಂದಿಯಲ್ಲಿ ಒಂದು ಕ್ಷಣ ಮಾವನ ಟೋಪಿ ಕಾಣುತ್ತಿತ್ತು, ಇನ್ನೊಂದು ಸಂದಿಯಲ್ಲಿ ಕಟಕಟೆಯ ಮೇಲಿಟ್ಟ ಕೈ. ಗಾಡಿ ಉದ್ದವಾಗಿತ್ತು. ಅವಳು ಕಂಬಿ ಹಿಡಿದು ನಿಂತಳು. ಕಾಲಡಿಯ ಉಕ್ಕು ನಡುಗುತ್ತಿತ್ತು.

ಕೊನೆಯ ಬೋಗಿ ದಾಟಿದಾಗ ಅವರು ಮುಂದೆ ಹೋಗಿಬಿಟ್ಟಿರುತ್ತಾರೆ ಎಂದುಕೊಂಡಿದ್ದಳು. ಹೋಗಿರಲಿಲ್ಲ. ಎದುರಿನ ಕಟಕಟೆಯಲ್ಲಿ, ಅವಳಿಗೆ ಬೆನ್ನು ಮಾಡಿ, ನೀರು ನೋಡುತ್ತ ನಿಂತಿದ್ದರು.